ಮತ್ಸ್ಯಗೃಹಪ್ರವೇಶ ಮೀಮಾಂಸೆ

ಕಣಕಟ್ಟೆ ಹೋಬಳಿಯ ಗಡಸು ನೀರಿಗೆ ಅನ್ವಯಿಸಿ ಬರೆದ ಲಘುಭಾಷ್ಯ

ಪೀಠಿಕೆ

ಮನುಷ್ಯರು ಮನೆ ಬದಲಿಸುವುದಕ್ಕೆ ನಮ್ಮಲ್ಲಿ ಶಾಸ್ತ್ರಕ್ಕೇನೂ ಬರವಿಲ್ಲ. ವಾಸ್ತುವಿದೆ, ಪಂಚಾಂಗವಿದೆ, ಹಾಲು ಯಾವ ದಿಕ್ಕಿಗೆ ಉಕ್ಕಬೇಕೆಂಬ ನಿಯಮವಿದೆ, ಒಲ್ಲೆನೆನ್ನುವ ಹಸುವನ್ನು ಎರಡನೇ ಮಹಡಿಗೆ ಹತ್ತಿಸುವ ಕ್ರಮವೂ ರೂಢಿಯಲ್ಲಿದೆ. ಮೀನು ಮನೆ ಬದಲಿಸುವ ವಿಚಾರ ಬಂದರೆ ಮಾತ್ರ ಪೂರ್ವಸೂರಿಗಳೆಲ್ಲ ಮೌನ. ಈ ಮೌನದ ಫಲವಾಗಿ ಎಷ್ಟೋ ಗೋಲ್ಡ್ ಫಿಶ್‌ಗಳು ಗೃಹಪ್ರವೇಶದ ಮರುದಿನವೇ ಹೊಟ್ಟೆ ಮೇಲಾಗಿ ತೇಲುತ್ತವೆ. ಮನೆಯವರು ‘ಯಾರದೋ ಕಣ್ಣು ಬಿತ್ತು’ ಎಂದು ತೀರ್ಮಾನಿಸಿ ಗಾಜಿನ ತೊಟ್ಟಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಾರೆ. ಈ ಕೊರತೆ ನೀಗಲೆಂದು, ಯಾವ ವಿಶ್ವವಿದ್ಯಾಲಯವೂ ಕೇಳದಿದ್ದರೂ, ಯಾವ ಅಕಾಡೆಮಿಯೂ ಚಿಕ್ಕಾಸು ಬಿಚ್ಚದಿದ್ದರೂ, ಪ್ರಸ್ತುತ ಪ್ರಬಂಧವನ್ನು ಲೋಕಕ್ಕೆ ಅರ್ಪಿಸಲಾಗಿದೆ.

ಶಾಸ್ತ್ರಗ್ರಂಥ ಎಂದ ಮೇಲೆ ಅನುಬಂಧ ಚತುಷ್ಟಯ ಬೇಕು. ವಿಷಯ: 2 ಅಡಿಯ ಹಳೇ ತೊಟ್ಟಿಯಿಂದ 3 ಅಡಿಯ ಹೊಸ ತೊಟ್ಟಿಗೆ ಮೀನು ಹೋಗುವುದು. ಪ್ರಯೋಜನ: ಹೋದ ಮೇಲೂ ಅದು ಬದುಕಿರುವುದು. ಸಂಬಂಧ: ಮೀನಿಗೂ ನೀರಿಗೂ ಇರುವಂಥದ್ದು, ಮೀನಿಗೂ ಷೋಕೇಸಿಗೂ ಇರುವಂಥದ್ದಲ್ಲ. ಅಧಿಕಾರಿ: ಅಕ್ವೇರಿಯಂ ಬೇಕೆಂದು ಹಟ ಹಿಡಿದ ಮಗುವಲ್ಲ, ವಾರದ ನಂತರ ಅದರ ನೀರು ಬದಲಿಸುವ ಹಣೆಬರಹ ಯಾರದೋ ಅವರು. ಅಧ್ಯಯನದ ವ್ಯಾಪ್ತಿ ಹಾಸನ ಜಿಲ್ಲೆ, ಅರಸೀಕೆರೆ ತಾಲ್ಲೂಕು, ಕಣಕಟ್ಟೆ ಹೋಬಳಿ. ಅಗತ್ಯ ಬಿದ್ದಲ್ಲಿ ಬೇಲೂರು, ಹಳೇಬೀಡಿನವರೆಗೆ ಕಾಲು ಚಾಚಲಾಗಿದೆ. ಹೊಯ್ಸಳರನ್ನು ಮುಟ್ಟದೆ ಹಾಸನ ಜಿಲ್ಲೆಯಲ್ಲಿ ಪ್ರಬಂಧ ಬರೆದರೆ ಯಾರೂ ಓದುವುದಿಲ್ಲ.

ಪ್ರಮಾಣ ವಿಚಾರ

ಮೊದಲನೆಯ ಪ್ರಮಾಣ ಶ್ರುತಿ. ಶತಪಥ ಬ್ರಾಹ್ಮಣದಲ್ಲಿ ಮನು ಬೆಳಿಗ್ಗೆ ಕೈ ತೊಳೆಯುವಾಗ ಮರಿ ಮೀನೊಂದು ಅವನ ಕೈಗೆ ಸಿಗುತ್ತದೆ. ಮೊದಲು ಗಡಿಗೆ, ಬೆಳೆದ ಮೇಲೆ ಗುಂಡಿ, ಇನ್ನೂ ಬೆಳೆದ ಮೇಲೆ ಸಮುದ್ರ. ಮಹಾಭಾರತ ನಡುವೆ ಗಂಗೆಯನ್ನು ಸೇರಿಸುತ್ತದೆ. ಭಾಗವತದಲ್ಲಿ ಸತ್ಯವ್ರತನ ಕಮಂಡಲು ಒಂದೇ ರಾತ್ರಿಗೆ ಮೀನಿಗೆ ಸಾಲದಾಗುತ್ತದೆ. ಈ ಪ್ರಸಂಗವನ್ನು ಪ್ರಳಯದ ಕತೆ ಎಂದು ಓದಿದವರೇ ಎಲ್ಲ. ಪ್ರಸ್ತುತ ಪ್ರಬಂಧಕಾರನ ಪ್ರಕಾರ ಇದು ಅಪ್ಪಟ ಅಕ್ವೇರಿಯಂ ಕೈಪಿಡಿ. ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಇಲ್ಲಿ ಸ್ಥಳಾಂತರದ ವೇಳಾಪಟ್ಟಿ ಹಾಕಿದ್ದು ಮನು ಅಲ್ಲ, ಮೀನು. ತಾನು ಯಾವಾಗ ಎಲ್ಲಿಗೆ ಹೋಗಬೇಕೆಂದು ಅದೇ ಹೇಳಿತು, ಮನು ಹಾಗೇ ನಡೆದುಕೊಂಡ. ಕಣಕಟ್ಟೆ ಸೀಮೆಯಲ್ಲಿ ಮೀನಿನ ಸ್ಥಳಾಂತರವನ್ನು ನಿರ್ಧರಿಸುವುದು ಹೊಸ ಸೋಫಾದ ಬಣ್ಣ.

ಆಕ್ಷೇಪ: ಗಂಗೆಯ ಸಿಹಿನೀರಿನಿಂದ ಸೀದಾ ಉಪ್ಪುನೀರಿಗೆ ಹಾಕಿದರೂ ಆ ಮೀನಿಗೆ ಏನೂ ಆಗಲಿಲ್ಲವಲ್ಲ? ಸಮಾಧಾನ: ಅದು ಅವತಾರ. ಅಂಗಡಿ ಮೀನುಗಳಲ್ಲಿ ಈ ಸಾಮರ್ಥ್ಯಕ್ಕೆ ತಕ್ಕಮಟ್ಟಿಗೆ ಹತ್ತಿರ ಬರುವುದು ಮೋಲಿ. ನಿಧಾನವಾಗಿ ಒಗ್ಗಿಸಿದರೆ ಅದು ಸಮುದ್ರದ ನೀರಿನಲ್ಲೂ ಬಾಳುತ್ತದೆ. ಆದರೂ ಅದಕ್ಕೆ ನಿಂಬೆಹಣ್ಣು ಕಟ್ಟುವುದು ಬೇಡ.

ಎರಡನೆಯದು ರಾಜಪ್ರಮಾಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ 100 ಅಧ್ಯಾಯಗಳಲ್ಲಿ ಮತ್ಸ್ಯವಿನೋದಕ್ಕೂ ಒಂದು ಪಾಲಿದೆ. ಮೀನಿನ ಜಾತಿ ಯಾವುವು, ಯಾವುದಕ್ಕೆ ಏನು ಮೇವು, ಗಾಳ ಹೇಗೆ ಎಂಬುದೆಲ್ಲ ಅಲ್ಲಿದೆ. ಹಿಡಿಯುವುದರಲ್ಲಿ ಇಷ್ಟು ಪಾಂಡಿತ್ಯ ತೋರಿದ ರಾಜನಿಗೆ ಹಿಡಿದದ್ದನ್ನು ಹೊಸ ಗಾಜಿನ ತೊಟ್ಟಿಯಲ್ಲಿ ಉಳಿಸಿಕೊಳ್ಳುವ ಚಿಂತೆ ಬರಲಿಲ್ಲ. ಅರಮನೆಯಲ್ಲಿ ಅಡುಗೆಮನೆ ಹತ್ತಿರವೇ ಇತ್ತು.

ಮೂರನೆಯದು ಶಿಲಾಪ್ರಮಾಣ. ಇದು ನಮ್ಮದೇ ಜಿಲ್ಲೆಯದು, ಹಾಗಾಗಿ ಸ್ವಲ್ಪ ಹೊತ್ತು ನಿಲ್ಲೋಣ. ಬೇಲೂರಿನ ಕಪ್ಪೆಚೆನ್ನಿಗರಾಯನ ಐತಿಹ್ಯ ಯಾರಿಗೆ ಗೊತ್ತಿಲ್ಲ? ಜಕಣಾಚಾರಿ ಕಡೆದ ವಿಗ್ರಹದಲ್ಲಿ ದೋಷವಿದೆ ಎಂದು ಹುಡುಗನೊಬ್ಬ ಹೇಳುತ್ತಾನೆ. ಪರೀಕ್ಷೆಗೆಂದು ಮೈತುಂಬ ಗಂಧ ಬಳಿದರೆ ಎಲ್ಲ ಕಡೆ ಒಣಗುತ್ತದೆ, ಹೊಕ್ಕುಳಲ್ಲಿ ಮಾತ್ರ ಒಣಗುವುದಿಲ್ಲ. ಉಳಿಯಿಂದ ತಟ್ಟಿದರೆ ನೀರು, ಮರಳು, ಜೊತೆಗೊಂದು ಜೀವಂತ ಕಪ್ಪೆ. ದೋಷ ಕಂಡರೆ ಕೈ ಕತ್ತರಿಸಿಕೊಳ್ಳುವೆನೆಂದ ಮಾತಿಗೆ ತಪ್ಪದೆ ಜಕಣ ತನ್ನ ಬಲಗೈ ಕತ್ತರಿಸಿಕೊಳ್ಳುತ್ತಾನೆ. ಮುಂದೆ ತುಮಕೂರು ಬಳಿಯ ಕೈದಾಳದಲ್ಲಿ ಅವನ ಕೈ ಮರಳಿ ಬರುತ್ತದೆ.

ಈ ಐತಿಹ್ಯವನ್ನು ಶಿಲ್ಪಶಾಸ್ತ್ರದವರು ಇಷ್ಟು ಕಾಲ ತಮ್ಮದೆಂದು ಇಟ್ಟುಕೊಂಡಿದ್ದಾರೆ. ವಾಸ್ತವವಾಗಿ ಇದು ಹೊಯ್ಸಳನಾಡಿನ ಪ್ರಥಮ ಅಕ್ವೇರಿಯಂನ ವರದಿ. ತಳಕ್ಕೆ ಮರಳು ಹಾಸಿದ್ದಾರೆ. ನೀರು ಬದಲಿಸಿಲ್ಲ, ಮೇವು ಹಾಕಿಲ್ಲ, ಬಣ್ಣದ ದೀಪವಿಲ್ಲ, ಗುಳ್ಳೆ ಬಿಡುವ ಪ್ಲಾಸ್ಟಿಕ್ ನಿಧಿಪೆಟ್ಟಿಗೆಯೂ ಇಲ್ಲ. ತೊಟ್ಟಿಗೆ ಒಂದೇ ಪ್ರಾಣಿ. ಇಂದಿನ ಅಂಗಡಿಯವರು ಆ ಹೊಕ್ಕುಳಿಗೆ ಕನಿಷ್ಠ ನಾಲ್ಕು ಜೊತೆ ಗೋಲ್ಡ್ ಫಿಶ್ ಮಾರುತ್ತಿದ್ದರು. ಆದರೆ ನಮ್ಮ ಸಂಶೋಧಕರಿಗೆ ಇಂದಿನವರೆಗೆ ಹೊಳೆಯದ ಪ್ರಶ್ನೆಯೊಂದಿದೆ. ಜಕಣನಿಗೆ ಕೈ ಬಂತು. ಕಪ್ಪೆಗೆ ಏನಾಯಿತು? ಕಲ್ಲಿನೊಳಗಿನ ತಂಪಿನಿಂದ ಬೇಲೂರಿನ ಬಿಸಿಲಿಗೆ, ಪೂರ್ವಸಿದ್ಧತೆಯಿಲ್ಲದೆ, ಒಂದೇ ಏಟಿಗೆ! ಸ್ಥಳಾಂತರ ಶಾಸ್ತ್ರದ ದೃಷ್ಟಿಯಲ್ಲಿ ದೋಷವಿದ್ದದ್ದು ಶಿಲೆಯಲ್ಲಲ್ಲ, ಉಳಿ ಏಟಿನಲ್ಲಿ.

ಮತತ್ರಯ

ಮೀನನ್ನು ಹೊಸ ನೀರಿಗೆ ಬಿಡುವ ವಿಧಾನದಲ್ಲಿ ಕರ್ನಾಟಕ ಮೂರು ಮತಗಳಾಗಿ ಒಡೆದಿದೆ. ಹೆಸರುಗಳನ್ನು ಓದುಗರು ಮೊದಲೇ ಬಲ್ಲರು.

ಅದ್ವೈತಿಗಳ ವಾದ ಸರಳ. ‘ಏನ್ ಸಾರ್, ನೀರು ನೀರೇ ಅಲ್ವಾ?’ ಹಳೇ ನೀರು, ಹೊಸ ನೀರು ಎಂಬ ಭೇದ ಬರೀ ತೋರಿಕೆ. ಪ್ಲಾಸ್ಟಿಕ್ ಕವರಿನ ಗಂಟು ಬಿಚ್ಚು, ಮೀನನ್ನು ನೀರಿನ ಸಮೇತ ಸುರಿ, ಕೈ ಒರೆಸಿಕೋ. ಈ ಮತದಲ್ಲಿ ಮೋಕ್ಷ ಬಹಳ ಬೇಗ ಸಿಗುತ್ತದೆ. ಮೀನಿಗೆ ಸಾಮಾನ್ಯವಾಗಿ ಅದೇ ಸಂಜೆ.

ದ್ವೈತಿಗಳದು ಪಂಚಭೇದ. ಶಾಖಭೇದ, ಪಿಎಚ್‌ಭೇದ, ಗಡಸುಭೇದ, ಕ್ಲೋರಿನ್‌ಭೇದ, ಅಮೋನಿಯಾಭೇದ. ಹಳೇ ನೀರು ಹಳೇ ನೀರೇ, ಹೊಸ ನೀರು ಹೊಸ ನೀರೇ, ಇವೆರಡೂ ಎಂದಿಗೂ ಒಂದಲ್ಲ. ತತ್ತ್ವ ಅಕ್ಷರಶಃ ಸತ್ಯ. ಸಿಹಿನೀರು ಮೀನಿನ ಮೈಯೊಳಗಿನ ಲವಣ ಹೊರಗಿನ ನೀರಿಗಿಂತ ಹೆಚ್ಚು. ಹೀಗಾಗಿ ನೀರು ಅದರ ಮೈಗೆ ನುಗ್ಗುತ್ತಲೇ ಇರುತ್ತದೆ, ಮೂತ್ರಪಿಂಡ ಅದನ್ನು ಹೊರಹಾಕುತ್ತಲೇ ಇರುತ್ತದೆ. ಹೊರಗಿನ ಲವಣದ ಲೆಕ್ಕ ದಿಢೀರನೆ ಬದಲಾದರೆ ಈ ಕಾರ್ಖಾನೆ ತಬ್ಬಿಬ್ಬಾಗುತ್ತದೆ. ತೊಂದರೆಯಿರುವುದು ದ್ವೈತಿಗಳ ಆಚರಣೆಯಲ್ಲಿ. ಭೇದದ ಭಯಕ್ಕೆ ಹಳೇ ತೊಟ್ಟಿಯ ನೀರನ್ನೆಲ್ಲ ಬಿಂದಿಗೆ ಬಿಂದಿಗೆಯಾಗಿ ಹೊತ್ತು ತರುತ್ತಾರೆ. ಅದರ ಫಲಾಫಲವನ್ನು ಮುಂದಿನ ಅಧಿಕರಣದಲ್ಲಿ ನೋಡುವಿರಂತೆ.

ವಿಶಿಷ್ಟಾದ್ವೈತಿಗಳು ಭೇದವನ್ನೂ ಒಪ್ಪುತ್ತಾರೆ, ಐಕ್ಯವನ್ನೂ ಒಪ್ಪುತ್ತಾರೆ, ನಡುವೆ ಒಂದಿಷ್ಟು ಹೊತ್ತು ಬೇಕು ಎನ್ನುತ್ತಾರೆ. ಕಟ್ಟಿದ ಕವರನ್ನು ಹೊಸ ತೊಟ್ಟಿಯಲ್ಲಿ 15-20 ನಿಮಿಷ ತೇಲಿಬಿಡಬೇಕು, ಶಾಖ ಸಮವಾಗಲಿ. ಆಮೇಲೆ ಗಂಟು ಬಿಚ್ಚಿ, ಹೊಸ ನೀರನ್ನು ಸೌಟಿನಿಂದ ಸ್ವಲ್ಪ ಸ್ವಲ್ಪವಾಗಿ ಬೆರೆಸಬೇಕು. ಇವರಲ್ಲೇ ಇನ್ನೂ ಮಡಿವಂತರಾದ ಒಂದು ಪಂಗಡ ಏರ್ ಪಂಪಿನ ಸಣ್ಣ ಪೈಪಿಗೆ ಗಂಟು ಹಾಕಿ, ಅಭಿಷೇಕದ ಧಾರೆಯಂತೆ ತೊಟ್ಟಿಕ್ಕಿಸಿ, ಮೀನಿರುವ ಬಕೆಟ್ಟಿನ ನೀರು ಎರಡರಷ್ಟಾಗುವವರೆಗೆ ಕಾಯುತ್ತದೆ. ಕೊನೆಗೆ ಮೀನನ್ನು ಬಲೆಯಲ್ಲಿ ಎತ್ತಿ ಬಿಡಬೇಕು. ಕವರಿನ ನೀರು ತೊಟ್ಟಿಗೆ ಹೋಗಬಾರದು. ವಿಷ್ಣುವರ್ಧನನ ನಾಡಿನಲ್ಲಿ ಈ ಮತಕ್ಕೆ ಬೆಂಬಲ ಹೆಚ್ಚಿರುವುದು ಸಹಜವೇ.

ಸಿದ್ಧಾಂತ ಇಲ್ಲಿಗೆ ಮುಗಿಯಿತು ಅನ್ನುವಷ್ಟರಲ್ಲಿ ಅದ್ವೈತಿ ಒಂದು ಪಟ್ಟು ಹಾಕುತ್ತಾನೆ. ಬೆಂಗಳೂರಿನಿಂದ ಕೆಂಪು ಬಸ್ಸಿನಲ್ಲೋ ರೈಲಿನಲ್ಲೋ ಅರಸೀಕೆರೆ ಜಂಕ್ಷನ್‌ವರೆಗೆ ಬಂದು, ಅಲ್ಲಿಂದ ಕಣಕಟ್ಟೆ ತಲುಪಿದ ಕವರನ್ನು ತೆಗೆದುಕೊಳ್ಳಿ. ಅಷ್ಟು ಹೊತ್ತು ಮೀನು ಬಿಟ್ಟ ಉಸಿರಿನ ಇಂಗಾಲದ ಡೈ ಆಕ್ಸೈಡ್ ನೀರಿನಲ್ಲಿ ಕರಗಿ ಪಿಎಚ್ ಇಳಿದಿರುತ್ತದೆ. ಪಿಎಚ್ ಇಳಿದಿರುವ ತನಕ ಮೀನು ಹೊರಬಿಟ್ಟ ಅಮೋನಿಯಾ ಬಹುಪಾಲು ನಿರುಪದ್ರವಿ ರೂಪದಲ್ಲಿರುತ್ತದೆ. ಗಂಟು ಬಿಚ್ಚಿದೊಡನೆ ಆ ಅನಿಲ ಹಾರಿಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಪಿಎಚ್ 7ರಿಂದ 8ಕ್ಕೆ ಹೋದರೆ ವಿಷರೂಪದ ಪಾಲು ಸುಮಾರು 10 ಪಟ್ಟು. ಹಾಗಾಗಿ ದೂರದಿಂದ ಬಂದ ಮೀನನ್ನು ತನ್ನದೇ ಕವರಿನ ನೀರಿನಲ್ಲಿ ಗಂಟೆಗಟ್ಟಲೆ ಅಭಿಷೇಕಕ್ಕೆ ಕೂರಿಸುವುದು ಭಕ್ತಿಯಲ್ಲ, ವಿಷಪ್ರಾಶನ. ಕವರು ಕಟ್ಟಿದ್ದಂತೆಯೇ ಶಾಖ ಸಮವಾಗಲಿ. ಬಿಚ್ಚಿದ ಮೇಲೆ ಬೇಗ ಬಲೆಯಲ್ಲಿ ಎತ್ತಿ ಬಿಡಿ. ತೀರ್ಪು ಹೀಗಿದೆ: ದೂರದ ಪ್ರಯಾಣಕ್ಕೆ ಅದ್ವೈತಿಯ ಆತುರದಲ್ಲಿ ಅರ್ಧ ಸತ್ಯವಿದೆ. ಒಂದೇ ಮನೆಯೊಳಗೆ ಷೋಕೇಸಿನಿಂದ ಹಜಾರಕ್ಕೆ ಹೋಗುವ ಮೀನಿಗೆ ವಿಶಿಷ್ಟಾದ್ವೈತವೇ ಗತಿ.

ಸ್ಪಂಜೋಪಾಖ್ಯಾನ

ಈ ಪ್ರಬಂಧದ ಹೃದಯಭಾಗ ಇದು. ಅವಸರದ ಓದುಗರು ಇಷ್ಟನ್ನೇ ಓದಿದರೂ ಮೀನಿಗೆ ಸಾಕು.

ಹೊಸ ತೊಟ್ಟಿ ತುಂಬಿದ ದಿನ ನೀರು ಸ್ಫಟಿಕದಂತಿರುತ್ತದೆ. ಬಂದವರೆಲ್ಲ ಹೊಗಳುತ್ತಾರೆ. ಈ ಸ್ಫಟಿಕವೇ ಅಪಾಯ. ಮೀನು ಬಿಡುವ ಅಮೋನಿಯಾವನ್ನು ನೈಟ್ರೈಟ್ ಮಾಡುವ, ಆ ನೈಟ್ರೈಟನ್ನು ಅಷ್ಟೇನೂ ಕೇಡಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಅಲ್ಲಿ ಇನ್ನೂ ಹುಟ್ಟಿರುವುದಿಲ್ಲ. ಈ ಜೀವಿಗಳ ವೃತ್ತಾಂತವನ್ನು 1890ರ ಸುಮಾರಿಗೆ ಬಿಡಿಸಿ ತೋರಿಸಿದವನು ರಷ್ಯಾದ ವಿಜ್ಞಾನಿ ವಿನೊಗ್ರಾಡ್ಸ್ಕಿ. ಅವನು ನೋಡಿದ್ದು ಮಣ್ಣಿನಲ್ಲಿ, ನಮ್ಮ ಹಜಾರದಲ್ಲಲ್ಲ. ಹೊಸ ತೊಟ್ಟಿಯಲ್ಲಿ ಇವುಗಳ ಸಂಸಾರ ನೆಲೆಗೊಳ್ಳಲು 4ರಿಂದ 6 ವಾರ ಬೇಕು. ಅಷ್ಟರೊಳಗೆ ತುಂಬ ಮೀನು ಬಿಟ್ಟರೆ ಅವು ತಮ್ಮದೇ ಹೊಲಸಿನಲ್ಲಿ ಉಸಿರುಗಟ್ಟಿ ಸಾಯುತ್ತವೆ, ನೀರು ಮಾತ್ರ ಸ್ಫಟಿಕದಂತೆಯೇ ಇರುತ್ತದೆ. ದೃಷ್ಟಿದೋಷದ ಮೂಲ ಇಲ್ಲಿದೆ: ನಾವು ಸರಿಯಾಗಿ ನೋಡದಿರುವ ದೋಷ.

ಈ ಬ್ಯಾಕ್ಟೀರಿಯಾ ಎಲ್ಲಿರುತ್ತವೆ? ನೀರಿನಲ್ಲಿ ತೀರಾ ಕಡಿಮೆ. ಅವುಗಳ ವಾಸ ಫಿಲ್ಟರಿನ ಸ್ಪಂಜಿನ ಮೇಲೆ, ತಳದ ಕಲ್ಲುಹರಳಿನ ಮೇಲೆ. ಈಗ ದ್ವೈತಿಯ ಬಿಂದಿಗೆಗೆ ಬನ್ನಿ. ಹಳೇ ನೀರನ್ನು ಗಂಗೋದಕದ ಹಾಗೆ ಜೋಪಾನವಾಗಿ ಹೊತ್ತು ತಂದವನು, ಕರ್ರಗೆ ಲೋಳೆ ಹಿಡಿದ ಸ್ಪಂಜನ್ನು ಮೂಗು ಮುಚ್ಚಿಕೊಂಡು ತಿಪ್ಪೆಗೆ ಎಸೆಯುತ್ತಾನೆ. ಇಲ್ಲವೇ ಅದಕ್ಕೆ ಬಟ್ಟೆ ಸೋಪು ಹಾಕಿ ತಿಕ್ಕಿ, ತಾರಸಿಯ ಮೇಲೆ ಒಣಗಿಹಾಕುತ್ತಾನೆ. ಅಟ್ಟದಲ್ಲಿ ವರ್ಷ ಹತ್ತಿರ ಹತ್ತಿರ ಕಾಯಿ ಇಟ್ಟು ಉಂಡೆ ಕೊಬ್ಬರಿ ಮಾಡುವ ಸೀಮೆಯಲ್ಲಿ ಒಣಗಿಸುವುದೆಂದರೆ ಪುಣ್ಯಕಾರ್ಯ, ಒಪ್ಪೋಣ. ಸ್ಪಂಜಿಗೆ ಮಾತ್ರ ಅದು ಸಾಮೂಹಿಕ ಶ್ರಾದ್ಧ. ಇಡೀ ಗೃಹಪ್ರವೇಶದಲ್ಲಿ ನಿಜವಾಗಿ ಹೊಸ ಮನೆಗೆ ಹೋಗಬೇಕಾದ ಮನೆದೇವರು ಆ ಕೊಳಕು ಸ್ಪಂಜು. ಒದ್ದೆಯಾಗಿರುವಾಗಲೇ, ಹಳೇ ತೊಟ್ಟಿಯ ನೀರಿನಲ್ಲೇ ಒಮ್ಮೆ ಹಗುರಾಗಿ ಹಿಂಡಿ, ತಡಮಾಡದೆ ಹೊಸ ಫಿಲ್ಟರಿಗೆ ಸೇರಿಸಬೇಕು. ತಳದ ಹರಳನ್ನೂ ತೊಳೆಯದೆ ಒಂದಿಷ್ಟು ಹಾಕಿದರೆ ಇನ್ನೂ ಒಳ್ಳೆಯದು. ಹಳೇ ನೀರು ಅರ್ಧದಷ್ಟು ಬಂದರೆ ಪಂಚಭೇದ ತಗ್ಗುತ್ತದೆ. ಅದರಾಚೆಗೆ ಬಿಂದಿಗೆ ಹೊತ್ತರೆ ಸೊಂಟಕ್ಕೆ ಕೇಡು.

ಹಳೇ ಸ್ಪಂಜೇ ಇಲ್ಲದವರಿಗೆ ಶಾಸ್ತ್ರ ಏನು ಹೇಳುತ್ತದೆ? ಆಷಾಢ. ನಮ್ಮ ಹಿರಿಯರು ಆಷಾಢದಲ್ಲಿ ಹೊಸ ಮನೆ ಹೊಗಬಾರದು ಎಂದದ್ದು ಅಕ್ವೇರಿಯಂ ದೃಷ್ಟಿಯಿಂದಲೇ ಇರಬೇಕೆಂದು ಪ್ರಬಂಧಕಾರನ ಬಲವಾದ ಶಂಕೆ. ಮಣ್ಣೆತ್ತಿನ ಅಮಾವಾಸ್ಯೆಗೆ ತೊಟ್ಟಿ ತುಂಬಿ, ಮೀನಿಲ್ಲದೆಯೇ ಫಿಲ್ಟರ್ ಓಡಿಸಿ, ದಿನಕ್ಕೊಂದು ಚಿಟಿಕೆ ಮೀನಿನ ಮೇವು ಹಾಕಿ ಕೊಳೆಯಲು ಬಿಡಬೇಕು. ಭೀಮನ ಅಮಾವಾಸ್ಯೆ ದಾಟಿ ಇನ್ನೊಂದೆರಡು ವಾರ ಕಾದು, ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದರೆ ಶ್ರಾವಣದಲ್ಲಿ ಪ್ರವೇಶ. ಅದೂ ಒಮ್ಮೆಗೇ ದಿಬ್ಬಣವಲ್ಲ. ಎರಡು ಮೂರು ಮೀನು, ನಂತರ ಮತ್ತೆರಡು. ಖಾಲಿ ತೊಟ್ಟಿಯಲ್ಲಿ ಗುಳ್ಳೆ ಏಳುವುದನ್ನು ಅಷ್ಟು ದಿನ ನೋಡುತ್ತ ಕೂರುವ ತಾಳ್ಮೆ ಮಕ್ಕಳಿಗಿಲ್ಲ ಎಂಬ ಆಕ್ಷೇಪ ಬಲವಾದದ್ದು. ಅದಕ್ಕೆ ಸಮಾಧಾನ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಜಲಪ್ರಕರಣ

ಅರಸೀಕೆರೆ ತಾಲ್ಲೂಕಿನ ಕೊಳವೆಬಾವಿಯ ನೀರು ಹೇಗಿದೆ ಎಂದು ಯಾವುದೇ ಮನೆಯ ನಲ್ಲಿಯ ಬಾಯಿ ನೋಡಿದರೆ ತಿಳಿಯುತ್ತದೆ. ಬಿಳಿ ಗಾರೆ ಕಟ್ಟಿರುತ್ತದೆ. ಗಡಸು ಹೆಚ್ಚು, ಕೆಲವು ಊರುಗಳಲ್ಲಿ ಫ್ಲೋರೈಡ್ ಕೂಡ ಹೆಚ್ಚು. ಇಂಥ ನೀರಿಗೆ ಹೇಳಿ ಮಾಡಿಸಿದವು ಗಪ್ಪಿ, ಮೋಲಿ, ಪ್ಲಾಟಿ. ಗೋಲ್ಡ್ ಫಿಶ್ ಕೂಡ ದೂರುವುದಿಲ್ಲ. ಅಮೆಜಾನ್ ಸೀಮೆಯ ಮೆದುನೀರಿನ ನಿಯಾನ್ ಟೆಟ್ರಾ, ಡಿಸ್ಕಸ್ ತಂದರೆ ಮಾತ್ರ ಅವು ಬಂದ ದಾರಿಗೆ ಸುಂಕವಿಲ್ಲದಂತೆ ಹೋಗುತ್ತವೆ. ಮೀನಿಗೆ ತಕ್ಕ ನೀರು ಹುಡುಕುವುದಕ್ಕಿಂತ ನೀರಿಗೆ ತಕ್ಕ ಮೀನು ಹುಡುಕುವುದು ಅಗ್ಗ.

ಕೆಲವು ಸಹೃದಯರು ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ನಾಣ್ಯ ಹಾಕಿ ಕ್ಯಾನು ತುಂಬಿಸಿ ತಂದು ಮೀನಿಗೂ ಅದನ್ನೇ ಹಾಕುತ್ತಾರೆ. ತಾವು ಕುಡಿಯುವ ನೀರು ಮೀನಿಗೂ ಸಲ್ಲಲಿ ಎಂಬ ಸಮತಾಭಾವ ಮೆಚ್ಚತಕ್ಕದ್ದೇ. ಆದರೆ ಆರ್‌ಒ ಯಂತ್ರ ಬಹುಪಾಲು ಲವಣಗಳನ್ನು ತೆಗೆದುಹಾಕಿರುವುದರಿಂದ ಆ ನೀರಿನ ಪಿಎಚ್ ನಿಂತಲ್ಲಿ ನಿಲ್ಲುವುದಿಲ್ಲ. ಕೊಳವೆಬಾವಿಯ ನೀರಿಗೆ ಒಂದಿಷ್ಟು ಬೆರೆಸಬಹುದು, ಅದನ್ನೇ ತುಂಬುವಂತಿಲ್ಲ. ಕೊಳವೆಬಾವಿಯ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ, ಆದರೆ ನೆಲದಾಳದಿಂದ ಬಂದದ್ದರಲ್ಲಿ ಆಮ್ಲಜನಕವೂ ಕಡಿಮೆ. ಒಂದು ದಿನ ಗುಳ್ಳೆ ಬಿಟ್ಟು ಇಡಿ. ಪಂಚಾಯ್ತಿಯವರು ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಆ ನೀರನ್ನೂ ಒಂದು ದಿನ ತೆರೆದಿಡಿ, ಇಲ್ಲವೇ ಸೋಡಿಯಂ ಥಯೋಸಲ್ಫೇಟ್ ಹನಿ ಹಾಕಿ. ನೀರು ಹಿಡಿದಿಡಲು ಅಜ್ಜಿಯ ತಾಮ್ರದ ಹಂಡೆ ಬೇಡ. ಹುಣಸೆಹಣ್ಣು ಹಾಕಿ ಫಳಫಳ ಬೆಳಗಿದ್ದರಂತೂ ಬೇಡವೇ ಬೇಡ. ತಾಮ್ರ ಮೀನಿನ ಕಿವಿರಿಗೆ ವಿಷ. ಮನುವಿನ ಗಡಿಗೆ ಮಣ್ಣಿನದಿದ್ದೀತು ಎಂದು ಊಹಿಸಲು ಇದೊಂದು ಆಧಾರ.

ಮೀನನ್ನು ನೀರಿಗೆ ಒಯ್ಯುವ ಬದಲು ನೀರನ್ನೇ ಹೊತ್ತು ತರುವ ಪ್ರಯೋಗ ಸರ್ಕಾರದ ಮಟ್ಟದಲ್ಲಿ ನಡೆದಿದೆ. ಸಕಲೇಶಪುರದ ಕಡೆ ಪಶ್ಚಿಮಕ್ಕೆ ಹರಿಯುವ ಹೊಳೆಗಳಿಂದ 24.01 ಟಿಎಂಸಿ ನೀರನ್ನು ಎತ್ತಿ ಪೂರ್ವಕ್ಕೆ ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕಿತು; ಕಾಲುವೆಯ ದಾರಿ ಅರಸೀಕೆರೆ ತಾಲ್ಲೂಕಿನ ಮೂಲಕವೇ. ಮಲೆನಾಡಿನ ಮೆದುನೀರು ಬಯಲುಸೀಮೆಯ ಕೆರೆಗೆ ಇಳಿಯುವಾಗ ಕವರು ತೇಲಿಬಿಡುವವರು ಯಾರು ಎಂಬ ಪ್ರಶ್ನೆಯನ್ನು ನೀರಾವರಿ ಇಲಾಖೆಗೆ ಬಿಡಲಾಗಿದೆ.

ತೂಕದ ಮಾತೊಂದು ಉಳಿಯಿತು. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ತುಂಬಿದರೆ 190 ಲೀಟರ್. ಅಂದರೆ ಹೆಚ್ಚುಕಡಿಮೆ 2 ಕ್ವಿಂಟಾಲ್. ಕೊಬ್ಬರಿ ವ್ಯಾಪಾರ ಬಲ್ಲವರಿಗೆ ಬೇರೆ ವಿವರಣೆ ಬೇಡ. ಟಿವಿ ಸ್ಟ್ಯಾಂಡು ಅಷ್ಟು ಹೊರುವುದಿಲ್ಲ, ಮತ್ತು ತುಂಬಿದ ತೊಟ್ಟಿಯನ್ನು ನಾಲ್ಕು ಜನ ಹಿಡಿದು ಸರಿಸಿದರೆ ಗಾಜಿನ ಮೂಲೆ ಬಿರಿಯುತ್ತದೆ.

ಅನ್ನಪ್ರಕರಣ

ನಮ್ಮದೇ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಿಣಿಯ ಮೀನುಗಳಿಗೆ ಭಕ್ತರು ಪುರಿ ಎರಚುತ್ತಾರೆ. ಅಲ್ಲಿ ತಿಂದು ಮಿಕ್ಕಿದ್ದನ್ನು ನದಿ ಒಯ್ಯುತ್ತದೆ. ಅದೇ ಕೈಗುಣವನ್ನು ಮನೆಯ ತೊಟ್ಟಿಗೆ ತಂದರೆ ಮಿಕ್ಕಿದ್ದು ತಳ ಸೇರಿ ಅಮೋನಿಯಾ ಆಗುತ್ತದೆ. ಸ್ಥಳಾಂತರದ ಹಿಂದಿನ ದಿನ ಮೀನಿಗೆ ಏಕಾದಶಿ. ಬಿಟ್ಟ ದಿನವೂ ದೀಪ ಆರಿಸಿ, ಮುಚ್ಚಳ ಹಾಕಿ, ಸುಮ್ಮನಿರಿ; ಗಾಬರಿಯಾದ ಮೀನು ಹಾರಿ ನೆಲಕ್ಕೆ ಬೀಳುವುದುಂಟು. ಫೈಟರ್ ಮೀನು ಮೇಲಿನ ಗಾಳಿಯನ್ನೇ ಉಸಿರಾಡುವುದರಿಂದ ನೀರಿಗೂ ಮುಚ್ಚಳಕ್ಕೂ ನಡುವೆ ಜಾಗವಿರಲಿ. ಮೊದಲ ವಾರವೆಲ್ಲ ಮೇವು ಚಿಟಿಕೆಯಷ್ಟೇ, ಎರಡು ಮೂರು ದಿನಕ್ಕೊಮ್ಮೆ ಕಾಲುಭಾಗ ನೀರು ಬದಲು. ಕರೆಂಟು ಹೋದರೆ ಫಿಲ್ಟರ್ ನಿಲ್ಲುತ್ತದೆ, ಮೀನು ಮೇಲೆ ಬಂದು ಬಾಯಿ ಬಡಿಯುತ್ತದೆ. ಹಸಿವೆಂದು ಪುರಿ ಹಾಕಬೇಡಿ. ಚೊಂಬಿನಲ್ಲಿ ಅದೇ ನೀರನ್ನು ಎತ್ತಿ ಎತ್ತರದಿಂದ ಸುರಿಯಿರಿ. ಮೈಮೇಲೆ ರವೆಕಾಳಿನಂಥ ಬಿಳಿ ಚುಕ್ಕೆ ಕಂಡರೆ ಅದು ಅಮ್ಮನಲ್ಲ, ಬಿಳಿಚುಕ್ಕೆ ರೋಗದ ಪರಾವಲಂಬಿ. ಸ್ಥಳಾಂತರದ ಆಯಾಸದ ಬೆನ್ನಿಗೇ ಬರುವ ನೆಂಟ.

ವಿಸರ್ಜನಾ ನಿಷೇಧ

ಇಷ್ಟೆಲ್ಲ ಆದ ಮೇಲೂ ಬೇಸರ ಬರುತ್ತದೆ. ಮಗು ಹಾಸ್ಟೆಲ್‌ಗೆ ಹೋಗುತ್ತದೆ, ಅಂಗೈಯಷ್ಟಿದ್ದ ಸಕ್ಕರ್ ಮೀನು ಮೊಳದುದ್ದ ಬೆಳೆಯುತ್ತದೆ. ಆಗ ಮನೆಯವರಿಗೆ ಮನು ನೆನಪಾಗುತ್ತಾನೆ: ದೊಡ್ಡದಾಯಿತು, ಕೆರೆಗೆ ಬಿಡೋಣ, ಪುಣ್ಯ ಬರಲಿ. ಗಣಪತಿಯನ್ನು ಬಿಟ್ಟ ಕೈಗೆ ಇದು ಸಲೀಸು.

ಈ ಪುಣ್ಯದ ಲೆಕ್ಕ ಹಳೆಯದು. ಸೊಳ್ಳೆ ಮರಿ ತಿನ್ನಲೆಂದು 1928ರಲ್ಲಿ ಇಟಲಿಯಿಂದ ಭಾರತಕ್ಕೆ ಗಂಬೂಸಿಯಾ ತಂದರು. ಮಲೇರಿಯಾ ತಡೆಗೆ ಗಪ್ಪಿ, ಗಂಬೂಸಿಯಾಗಳನ್ನು ಕರ್ನಾಟಕದ ಬಾವಿ, ಕುಂಟೆಗಳಿಗೂ ಬಿಟ್ಟರು. ಉದ್ದೇಶ ಒಳ್ಳೆಯದೇ, ಸೊಳ್ಳೆ ಮರಿಯನ್ನೂ ತಿಂದವು. ಆದರೆ ಊರ ಮೀನಿನ ಮೊಟ್ಟೆ, ಮರಿಗಳನ್ನೂ ಬಿಡಲಿಲ್ಲ. ಇಂದು ಗಂಬೂಸಿಯಾ ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಸಕ್ಕರ್ ಮೀನಿನ ಮೈ ಗಟ್ಟಿ ಚಿಪ್ಪು, ಅದನ್ನು ತಿನ್ನುವವರು ನಮ್ಮ ಕೆರೆಗಳಲ್ಲಿ ಕಡಿಮೆ; ಅದು ಮೀನುಗಾರರ ಬಲೆ ಹರಿಯುತ್ತದೆ, ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ.

ಹಾಗಾಗಿ ಕಣಕಟ್ಟೆ ಸೀಮೆಯ ಮಹಾಜನರಲ್ಲಿ ವಿನಂತಿ. ಬೇಡವಾದ ಮೀನನ್ನು ಕೆರೆಗೆ ಬಿಡಬೇಡಿ, ಬಾವಿಗೂ ಬೇಡ, ಹೊಸದಾಗಿ ಬರುವ ಕಾಲುವೆಗಂತೂ ಬೇಡ. ತಂದ ಅಂಗಡಿಯಲ್ಲೇ ಕೇಳಿ ನೋಡಿ, ಹಲವರು ವಾಪಸು ತೆಗೆದುಕೊಳ್ಳುತ್ತಾರೆ. ಇಲ್ಲವೇ ದೊಡ್ಡ ತೊಟ್ಟಿಯಿರುವ ಇನ್ನೊಂದು ಮನೆಗೆ ಕೊಡಿ. ಕೊಡುವಾಗ ಜೊತೆಗೆ ನಿಮ್ಮ ಫಿಲ್ಟರಿನ ಸ್ಪಂಜಿನ ಒಂದು ತುಂಡನ್ನೂ ಒದ್ದೆಯಾಗಿಯೇ ಕಟ್ಟಿಕೊಡಿ.